ಉಪ್ಪುನೀರಿನ ಹನಿಯಲ್ಲಿ ತುಕ್ಕಿನ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಉಜ್ಜಿ ಹೊಳಪು ಕೊಟ್ಟ ಕಬ್ಬಿಣದ ತಗಡಿನ ಮೇಲೆ ಒಂದು ಹನಿ ಉಪ್ಪುನೀರು ಬಿಟ್ಟರೆ ಕಬ್ಬಿಣ ಕರಗುವುದು ಎಲ್ಲಿ? ಗಾಳಿಗೆ ಹತ್ತಿರವಿರುವ ಅಂಚಿನಲ್ಲಿ ಎಂದು ನಮಗೆ ತೋರುವುದು ಸಹಜ. ಕೇಂಬ್ರಿಜ್‌ನ ವಿಜ್ಞಾನಿ ಉಲಿಕ್ ಇವಾನ್ಸ್ ಅವರು 1920ರ ದಶಕದಲ್ಲಿ ಅಂಥದೊಂದು ಹನಿಗೆ ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಫಿನಾಲ್ಫ್ತಲೀನ್ ಎಂಬ ಸೂಚಕಗಳನ್ನು ಬೆರೆಸಿ ನೋಡಿದರು. ಮೊದಲು ಹನಿಯ ಉದ್ದಗಲಕ್ಕೂ ನೀಲಿ, ಗುಲಾಬಿ ಚುಕ್ಕೆಗಳು ಮೂಡುತ್ತವೆ. ಹನಿಯೊಳಗಿನ ಆಮ್ಲಜನಕ ತೀರುತ್ತಿದ್ದಂತೆ ನಡುಭಾಗ ನೀಲಿಯಾಗಿ, ಅಂಚು ಗುಲಾಬಿಯಾಗಿ, ಎರಡರ ನಡುವೆ ಕಂದು ತುಕ್ಕಿನ ಉಂಗುರ ಕಟ್ಟುತ್ತದೆ. ನೀಲಿ ಇರುವಲ್ಲಿ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತಿದೆ, ಅದು ಆನೋಡ್. ಗುಲಾಬಿ ಇರುವಲ್ಲಿ ಆಮ್ಲಜನಕ ಅದೇ ಎಲೆಕ್ಟ್ರಾನುಗಳನ್ನು ಪಡೆದು ನೀರನ್ನು ಕ್ಷಾರೀಯವಾಗಿಸುತ್ತಿದೆ, ಅದು ಕ್ಯಾಥೋಡ್.

ಇದನ್ನೇ ಕಂಪ್ಯೂಟರಿನಲ್ಲಿ ಅನುಕರಿಸುವಾಗ ಲೋಹದ ಪ್ರತಿ ಬಿಂದುವಿನಲ್ಲೂ ಈ ಎರಡು ಕ್ರಿಯೆಗಳ ಪ್ರವಾಹವನ್ನು ಬರೆದುಕೊಳ್ಳಬೇಕು. ವಿಭವ, ಅಂದರೆ ಲೋಹಕ್ಕೂ ನೀರಿಗೂ ನಡುವಿನ ವಿದ್ಯುತ್ ಒತ್ತಡ, ಬದಲಾದರೆ ಕಬ್ಬಿಣ ಕರಗುವ ವೇಗ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ರಸಾಯನವಿಜ್ಞಾನಿ ಟಾಫೆಲ್ 1905ರಲ್ಲಿ ಕೊಟ್ಟ ಲಾಗರಿದಮ್ ನಿಯಮ ಇಂದಿಗೂ ಆಧಾರ. ಹೊರಗಿನ ಸಂಪರ್ಕವಿಲ್ಲದ ಲೋಹದಲ್ಲಿ ಬಿಟ್ಟುಕೊಟ್ಟ ಎಲೆಕ್ಟ್ರಾನುಗಳೂ ಪಡೆದ ಎಲೆಕ್ಟ್ರಾನುಗಳೂ ಸಮವಾಗಲೇಬೇಕು ಎಂಬ, ವಿಜ್ಞಾನಿಗಳಾದ ವಾಗ್ನರ್ ಮತ್ತು ಟ್ರೌಡ್ ಅವರ 1938ರ ವಿಚಾರವೇ ಲೆಕ್ಕದ ಬೆನ್ನೆಲುಬು. ಆ ಸಮತೋಲ ಕೂಡಿಬರುವ ವಿಭವವನ್ನು ಪ್ರೋಗ್ರಾಂ ಹುಡುಕುತ್ತದೆ.

ಹೊಸಬರು ಕಬ್ಬಿಣ ಕರಗುವ ವೇಗವನ್ನು ನಿರ್ಧರಿಸುವ ಸ್ಥಿರಾಂಕಗಳ ಮೇಲೆಯೇ ಹೆಚ್ಚು ಶ್ರಮ ಹಾಕುತ್ತಾರೆ. ನನ್ನ ಮಟ್ಟಿಗೆ ಗಮನ ಬೇಡುವುದು ಆಮ್ಲಜನಕ. ನೂರಕ್ಕೆ 3.5 ಭಾಗ ಉಪ್ಪಿರುವ ಸಮುದ್ರದ ನೀರಿನ ಒಂದು ಲೀಟರಿನಲ್ಲಿ, 25 ಡಿಗ್ರಿ ಉಷ್ಣತೆಯಲ್ಲಿ, ಅದು ಕರಗುವುದು ಹೆಚ್ಚುಕಡಿಮೆ 7 ಮಿಲಿಗ್ರಾಂ. ಅರ್ಧ ಮಿಲಿಮೀಟರ್ ದಪ್ಪದ ನಿಂತ ನೀರಿನ ಪದರವನ್ನು ಅದು ವಿಸರಣದಿಂದಲೇ, ಅಂದರೆ ತಾನಾಗಿ ಹರಡುತ್ತಲೇ, ದಾಟಬೇಕಾದರೆ ಚದರ ಸೆಂಟಿಮೀಟರಿಗೆ ಸುಮಾರು 30 ಮೈಕ್ರೋಆಂಪಿಯರ್‌ಗಿಂತ ಹೆಚ್ಚು ಪ್ರವಾಹ ಹುಟ್ಟದು; ಕಬ್ಬಿಣದ ಲೆಕ್ಕದಲ್ಲಿ ಅದು ವರ್ಷಕ್ಕೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಸವೆತ. ಪೂರೈಕೆಯೇ ಹೀಗೆ ಮಿತಿಯಾದಾಗ ಕಬ್ಬಿಣದ ಸ್ಥಿರಾಂಕವನ್ನು ಹತ್ತು ಪಟ್ಟು ಬದಲಿಸಿದರೂ ವಿಭವ ಕೆಲವು ಹತ್ತು ಮಿಲಿವೋಲ್ಟ್ ಸರಿಯುತ್ತದೆಯೇ ಹೊರತು ಒಟ್ಟು ಸವೆತ ಅಷ್ಟಾಗಿ ಕದಲುವುದಿಲ್ಲ. ನೀರಿನ ಪದರವನ್ನು ಅರ್ಧಕ್ಕೆ ಇಳಿಸಿ ನೋಡಿ, ಸವೆತ ಇಮ್ಮಡಿಯಾಗುತ್ತದೆ.

ಉಪ್ಪಿನ ಪಾತ್ರವೂ ಇದೆ. ಅದರ ಅಯಾನುಗಳು ಹನಿಯ ನಡುವಿನಿಂದ ಅಂಚಿಗೆ ಪ್ರವಾಹವನ್ನು ಸುಲಭವಾಗಿ ಸಾಗಿಸುವುದರಿಂದಲೇ ಆನೋಡ್ ಮತ್ತು ಕ್ಯಾಥೋಡ್ ಅಷ್ಟು ದೂರ ನಿಲ್ಲಬಲ್ಲವು. ಇನ್ನು, ತುಕ್ಕು ಕಟ್ಟಿಕೊಂಡಂತೆ ಆಮ್ಲಜನಕದ ದಾರಿ ಮತ್ತಷ್ಟು ಮುಚ್ಚುವುದರಿಂದ, ಆಮ್ಲಜನಕ ಎಷ್ಟು ಬೇಗ ಹರಡುತ್ತದೆ ಎಂದು ಹೇಳುವ ವಿಸರಣಾಂಕವನ್ನು ಕಾಲದ ಪ್ರತಿ ಹಂತದಲ್ಲೂ ತಿದ್ದುತ್ತಲೇ ಲೆಕ್ಕವನ್ನು ಮುಂದುವರಿಸಬೇಕಾಗುತ್ತದೆ.