ಬಿಚ್ಚದೇ ಉಳಿದ ಕಟ್ಟುಗಳು

ಎಲ್ಲರಿಗೂ ನಮಸ್ಕಾರ.

ಸಾರ್ವಜನಿಕ ಸಂಪರ್ಕ ವಿಭಾಗಕ್ಕೆ ಸೇರಿದ ಮೊದಲ ವಾರ ನನಗೆ ಸಿಕ್ಕಿದ್ದು ಬರೆಯುವ ಕೆಲಸ ಅಲ್ಲ, ಎಣಿಸುವ ಕೆಲಸ. ಸ್ಟೋರ್ ರೂಮಿನಲ್ಲಿ ಹಳೆಯ ಪ್ರಕಟಣೆಗಳು ಎಷ್ಟಿವೆ ನೋಡಿ ಪಟ್ಟಿ ಮಾಡಿ ಎಂದರು. ಬಾಗಿಲು ತೆಗೆದರೆ ನೆಲದಿಂದ ಎದೆಯೆತ್ತರಕ್ಕೆ ಕಟ್ಟುಗಳು. ಪ್ರೆಸ್‌ನವರು ಸುತ್ತಿದ ಕಂದು ಕಾಗದ, ಬಿಗಿದ ದಾರ ಹಾಗೇ ಇತ್ತು. ಒಂದು ಕಿರುಹೊತ್ತಿಗೆಯನ್ನು 3,000 ಪ್ರತಿ ಅಚ್ಚು ಹಾಕಿಸಿದ್ದರು. 1,900 ಅಲ್ಲೇ ಕೂತಿದ್ದವು. ಒಳ್ಳೆಯ ಆರ್ಟ್ ಪೇಪರ್, ಮುಖಪುಟಕ್ಕೆ ಲ್ಯಾಮಿನೇಷನ್, ಒಳಗೆ ಚಂದದ ಫೋಟೋಗಳು. ಓದುವವರು ಮಾತ್ರ ಇರಲಿಲ್ಲ.

"ಇದನ್ನ ಯಾರಿಗೆ ಅಂತ ಮಾಡಿದ್ದು ಸಾರ್?" ಎಂದು ವಿಭಾಗದ ಹಿರಿಯರನ್ನು ಕೇಳಿದೆ. "ಎಲ್ಲರಿಗೂ" ಎಂದರು.

ಸಂಸ್ಥೆಗಳು ಹೊರತರುವ ಕಿರುಹೊತ್ತಿಗೆ, ಕರಪತ್ರ, ಪತ್ರಿಕೆಗಳ ಬಗ್ಗೆ ಇವತ್ತಿನ ನನ್ನ ಮಾತನ್ನೆಲ್ಲ ಆ "ಎಲ್ಲರಿಗೂ" ಎಂಬ ಉತ್ತರದ ಜೊತೆ ಒಂದು ಜಗಳ ಅಂತ ಇಟ್ಟುಕೊಳ್ಳಿ. ಎಲ್ಲರಿಗೂ ಅಂತ ಮಾಡಿದ್ದು ಸಾಮಾನ್ಯವಾಗಿ ಒಬ್ಬರ ಕೈಗೂ ಸರಿಯಾಗಿ ಕೂರುವುದಿಲ್ಲ.

ಹಳೆಯ ಎರಡು ಉದಾಹರಣೆ ಕೊಡುತ್ತೇನೆ. ಅಮೆರಿಕದ ಜಾನ್ ಡೀರ್ ಕಂಪನಿ ನೇಗಿಲು ಮಾಡುತ್ತಿತ್ತು. 1895ರಲ್ಲಿ ಅದು ರೈತರಿಗೆಂದು "ದಿ ಫರೋ" ಎಂಬ ಪತ್ರಿಕೆ ಶುರು ಮಾಡಿತು. ಫರೋ ಅಂದರೆ ಉಳುಮೆಯ ಸಾಲು. ಹೆಸರಿನಲ್ಲಿ ಕಂಪನಿ ಇಲ್ಲ, ಹೊಲ ಇದೆ. ಕಾಲ ಕಳೆದಂತೆ ಅದರ ಪುಟಗಳು ಕಂಪನಿಯ ಮಾತಿಗಿಂತ ಜಾಸ್ತಿ ಬೇಸಾಯದ ಮಾತಿಗೇ ಹೋದವು. ಇವತ್ತಿಗೂ ಆ ಪತ್ರಿಕೆ ಬರುತ್ತಿದೆ. ಇನ್ನೊಂದು ಮಿಶೆಲಿನ್ ಗೈಡ್. 1900ರಲ್ಲಿ ಫ್ರಾನ್ಸ್‌ನಲ್ಲಿ ಓಡುತ್ತಿದ್ದ ಕಾರುಗಳೇ ಕೆಲವು ಸಾವಿರ. ಮಿಶೆಲಿನ್ ಎಂಬ ಟೈರ್ ಕಂಪನಿ ಸುಮಾರು 35,000 ಪುಸ್ತಕ ಅಚ್ಚು ಹಾಕಿಸಿ ಪುಕ್ಕಟೆ ಹಂಚಿತು. ಒಳಗೆ ಏನಿತ್ತು? ಟೈರ್ ಬದಲಿಸುವುದು ಹೇಗೆ, ಗ್ಯಾರೇಜ್ ಎಲ್ಲಿದೆ, ರಾತ್ರಿ ಉಳಿಯಲು ಜಾಗ ಎಲ್ಲಿ, ಇಂಥವು. ಕಾರಿನಲ್ಲಿ ಹೊರಟವನಿಗೆ ದಾರಿಯಲ್ಲಿ ಬೇಕಾಗುವ ಮಾತು.

ಆದರೆ ಅದಕ್ಕೂ ಸ್ಟೋರ್ ರೂಮಿನ ಗತಿ ತಪ್ಪಲಿಲ್ಲ ನೋಡಿ. ಕಂಪನಿ ಕಟ್ಟಿದ ಸೋದರರಲ್ಲಿ ಒಬ್ಬರಾದ ಆಂಡ್ರೇ ಮಿಶೆಲಿನ್ ಒಂದು ಟೈರ್ ಅಂಗಡಿಗೆ ಹೋದಾಗ ತಮ್ಮ ಗೈಡುಗಳನ್ನು ಮೇಜಿನ ಕಾಲಿಗೆ ಒತ್ತು ಕೊಟ್ಟಿದ್ದನ್ನು ಕಂಡರಂತೆ. 1920ರಿಂದ ಅದಕ್ಕೆ ಬೆಲೆ ಇಟ್ಟರು. ಮೇಜಿನ ಕತೆ ಎಷ್ಟು ನಿಜವೋ, ಆದರೆ ಈ ಕೆಲಸದಲ್ಲಿ ಇರುವವರೆಲ್ಲ ಅದನ್ನು ನಂಬುತ್ತಾರೆ. ನಮ್ಮಲ್ಲಿ ಎಲ್ಲರೂ ಅಂಥ ಒಂದು ಮೇಜನ್ನು ಕಂಡವರೇ.

ಹಾಗಾಗಿ ಯಾರಾದರೂ ಬಂದು "ಒಂದು ಬ್ರೋಷರ್ ಮಾಡಿಕೊಡಿ" ಎಂದರೆ ನಾನು ಮೊದಲು ಕಂಪ್ಯೂಟರ್ ತೆರೆಯುವುದಿಲ್ಲ. ಒಂದು ಖಾಲಿ ಹಾಳೆ ಮುಂದಿಟ್ಟು ಕೇಳುತ್ತೇನೆ. ಇದನ್ನು ಓದುವವರು ಯಾರು? ಅವರಿಗೆ ಈಗಾಗಲೇ ಏನು ಗೊತ್ತು? ಓದಿ ಮುಗಿಸಿದ ಮೇಲೆ ಅವರು ಏನು ಮಾಡಬೇಕು? ಫೋನ್ ಮಾಡಬೇಕಾ, ಅರ್ಜಿ ಹಾಕಬೇಕಾ, ಸುಮ್ನೆ ಒಂದು ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡರೆ ಸಾಕಾ? ಈ ಪ್ರಶ್ನೆಗಳಿಗೆ ಅರ್ಧ ಪುಟದ ಉತ್ತರ ಹುಟ್ಟದಿದ್ದರೆ ಬ್ರೋಷರ್ ಬೇಡ. ಎಷ್ಟೋ ಸಲ ಒಂದು ಪತ್ರ ಸಾಕಾಗುತ್ತದೆ. ಒಂದು ಫಲಕ ಸಾಕಾಗುತ್ತದೆ.

ಇವುಗಳ ಜೊತೆ ನಾನು ಕೇಳುವ ಇನ್ನೊಂದು ಪ್ರಶ್ನೆಗೆ ಜನ ನಗುತ್ತಾರೆ. ಓದುವಾಗ ಅವರು ಎಲ್ಲಿರುತ್ತಾರೆ? ನಿಂತಿರುತ್ತಾರಾ, ಕೂತಿರುತ್ತಾರಾ? ಸಾಲಿನಲ್ಲಿ ನಿಂತವರು ಒಂದೇ ಕೈಯಲ್ಲಿ ಹಿಡಿದು ಓದುತ್ತಾರೆ. ಅವರಿಗೆ ಮಡಚಿದ ಒಂದು ಹಾಳೆ ಬೇಕು, 40 ಪುಟದ ಹೊತ್ತಿಗೆ ಅಲ್ಲ. ಯಂತ್ರದ ಪಕ್ಕ ನೇತುಹಾಕುವ ಸುರಕ್ಷತೆಯ ಕೈಪಿಡಿಗೆ ಎಣ್ಣೆ ಕೈ ತಾಗುತ್ತದೆ. ಅದಕ್ಕೆ ದಪ್ಪ ಕಾಗದ, ಲ್ಯಾಮಿನೇಷನ್, ದೊಡ್ಡ ಅಕ್ಷರ ಬೇಕು. ವಾರ್ಷಿಕ ವರದಿಯನ್ನು ಓದುವವರು ಪೆನ್ಸಿಲ್ ಹಿಡಿದು ಕೂರುತ್ತಾರೆ. ಅವರಿಗೆ ಅಂಚಿನಲ್ಲಿ ಜಾಗ ಬಿಡಿ, ಹೊಳೆಯುವ ಕಾಗದದ ಬದಲು ಗೆರೆ ಎಳೆಯಲು ಬರುವ ಕಾಗದ ಕೊಡಿ. ಆಕಾರ, ಕಾಗದ, ಅಕ್ಷರದ ಅಳತೆ ಎಲ್ಲ ಈ ಒಂದು ಪ್ರಶ್ನೆಯಿಂದಲೇ ಹುಟ್ಟುತ್ತವೆ. ಕಲಾವಿದರ ಅಭಿರುಚಿ ಆಮೇಲೆ.

ಸಿಬ್ಬಂದಿಗೆಂದು ತರುವ ಮನೆಪತ್ರಿಕೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅಲ್ಲಿ ಓದುಗರು ಒಳಗಿನವರು. ಮೋಸ ತಕ್ಷಣ ಗೊತ್ತಾಗುತ್ತದೆ. ಅಮೆರಿಕದ ಲೋವೆಲ್ ಎಂಬ ಊರಿನಲ್ಲಿ ಬಟ್ಟೆ ಗಿರಣಿಯ ಹೆಣ್ಣುಮಕ್ಕಳೇ ಬರೆಯುತ್ತಿದ್ದ "ಲೋವೆಲ್ ಆಫರಿಂಗ್" ಎಂಬ ಪತ್ರಿಕೆ 1840ರಲ್ಲಿ ಶುರುವಾಯಿತು. ಕೆಲಸದ ಹುಡುಗಿಯರು ಕತೆ, ಕವಿತೆ ಬರೆಯುತ್ತಾರೆ ಎಂದು ಜನ ಬೆರಗಾದರು. ಆದರೆ ದಿನಕ್ಕೆ ಹತ್ತು ಗಂಟೆಯ ದುಡಿಮೆಗಾಗಿ ಹೋರಾಡುತ್ತಿದ್ದ ಸಾರಾ ಬ್ಯಾಗ್ಲಿ, ಗಿರಣಿಯನ್ನು ಟೀಕಿಸಿದ ತನ್ನ ಬರಹಗಳಿಗೆ ಅದರಲ್ಲಿ ಜಾಗ ಸಿಗಲಿಲ್ಲ ಎಂದು 1845ರಲ್ಲಿ ಬಹಿರಂಗವಾಗಿ ಹೇಳಿದರು. ಇದು ಮಾಲೀಕರ ತುತ್ತೂರಿ ಎಂಬ ಹೆಸರು ಅಂಟಿಕೊಂಡಿತು. ಅದೇ ವರ್ಷ ಪತ್ರಿಕೆ ನಿಂತಿತು.

ನಿಮ್ಮ ಮನೆಪತ್ರಿಕೆಯ ಮೊದಲ ಪುಟದಲ್ಲಿ ಅಧ್ಯಕ್ಷರ ಫೋಟೋ, ಎರಡನೆಯದರಲ್ಲಿ ಅಧ್ಯಕ್ಷರು ದೀಪ ಹಚ್ಚುವ ಫೋಟೋ, ಮೂರನೆಯದರಲ್ಲಿ ಹಾರ ಹಾಕಿಸಿಕೊಳ್ಳುವ ಫೋಟೋ ಇದ್ದರೆ ಅದು ಓದುಗರ ಪತ್ರಿಕೆ ಅಲ್ಲ, ಅಧ್ಯಕ್ಷರ ಆಲ್ಬಂ. ಕೆಳಗಿನವರ ಒಂದು ಕಷ್ಟದ ಪ್ರಶ್ನೆಯನ್ನು ಹಾಕಿ, ಅದಕ್ಕೆ ಆಡಳಿತದವರ ನೇರ ಉತ್ತರವನ್ನೂ ಹಾಕಿ. ಆ ಒಂದು ಪುಟಕ್ಕಾಗಿ ಜನ ಮಿಕ್ಕ ಪುಟಗಳನ್ನೂ ತಿರುವುತ್ತಾರೆ. ಮೇಲಿನವರನ್ನು ಇದಕ್ಕೆ ಒಪ್ಪಿಸುವುದು ಸುಲಭವಲ್ಲ. ನನಗೆ ಎರಡು ವರ್ಷ ಹಿಡಿಯಿತು.

ಒಪ್ಪಿಸುವ ಮಾತು ಬಂತಲ್ಲ, ಅನುಮೋದನೆಯ ವಿಷಯಕ್ಕೇ ಬರುತ್ತೇನೆ. ಪ್ರಕಟಣೆಗಳು ತಡವಾಗುವುದು ಪ್ರೆಸ್‌ನಲ್ಲಿ ಅಲ್ಲ, ನಮ್ಮದೇ ಕಚೇರಿಯ ಮೇಜುಗಳ ಮೇಲೆ. ಒಮ್ಮೆ ಎಂಟು ಪುಟದ ಒಂದು ಕಿರುಹೊತ್ತಿಗೆಯ ಕರಡು ಹನ್ನೊಂದು ಜನರ ಕೈಗೆ ಹೋಯಿತು. ಒಬ್ಬರು ಸೇರಿಸಿದ್ದನ್ನು ಇನ್ನೊಬ್ಬರು ಹೊಡೆದು ಹಾಕಿದರು. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಉಳಿದದ್ದು ಯಾರಿಗೂ ಬೇಸರವಾಗದ, ಯಾರಿಗೂ ಏನೂ ಹೇಳದ ಎಂಟು ಪುಟ.

ಆಮೇಲೆ ಒಂದು ನಿಯಮ ಮಾಡಿಕೊಂಡೆ. ಕರಡು ಕಳಿಸುವಾಗಲೇ ಯಾರು ಏನನ್ನು ನೋಡಬೇಕು ಎಂದು ಬರೆಯುತ್ತೇನೆ. ಲೆಕ್ಕದವರು ಅಂಕಿಗಳನ್ನು ನೋಡಲಿ, ಕಾನೂನಿನವರು ಭರವಸೆಗಳನ್ನು ನೋಡಲಿ, ಆಯಾ ವಿಭಾಗದವರು ವಿಷಯ ಸರಿಯಿದೆಯಾ ನೋಡಲಿ. ವಾಕ್ಯ ಹೇಗಿರಬೇಕು ಎಂಬುದು ಸಂಪಾದಕರಿಗೆ ಬಿಟ್ಟದ್ದು. ಕೊನೆಯ ಸಹಿ ಒಬ್ಬರದೇ. ಮತ್ತೆ, ಆ ಸಹಿ ಹಾಕುವ ದೊಡ್ಡವರಿಗೆ ಕರಡನ್ನು ಶುರುವಿನಲ್ಲೇ ಒಮ್ಮೆ ತೋರಿಸಿಬಿಡಿ. ಪುಟವಿನ್ಯಾಸ ಮುಗಿದ ಮೇಲೆ "ಇದರ ಉದ್ದೇಶವೇ ಬೇರೆ ಇತ್ತಲ್ವಾ?" ಎಂದು ಕೇಳುವ ಅವಕಾಶವನ್ನು ಅವರಿಗೆ ಕೊಡಬಾರದು.

ದಿನಗಳ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ಸಮಾರಂಭದ ದಿನ ಬದಲಾಗುವುದಿಲ್ಲ. ಅದಕ್ಕೆ ಒಂದು ವಾರ ಮೊದಲು ಪ್ರತಿಗಳು ಕೈಯಲ್ಲಿರಬೇಕು. ಮುದ್ರಣಕ್ಕೆ, ಬೈಂಡಿಂಗ್‌ಗೆ ಹತ್ತು ದಿನ. ಪ್ರೂಫ್, ಅಂದರೆ ಅಚ್ಚಿಗೆ ಮೊದಲು ತಪ್ಪು ಹುಡುಕಲು ತೆಗೆಯುವ ಪ್ರತಿ, ಮತ್ತು ತಿದ್ದುಪಡಿಗೆ ಒಂದು ವಾರ, ಪುಟ ಕಟ್ಟಲು ಒಂದು ವಾರ, ಬರಹ ಮತ್ತು ಫೋಟೋ ಕೂಡಿಸಲು ಎರಡು ವಾರ. ಸಾಧಾರಣ 24 ಪುಟದ ಸಂಚಿಕೆಗೇ ಆರೂವರೆ ವಾರ ಆಯಿತು. ಯಾರೂ ಇಷ್ಟು ಸಮಯ ಕೊಡುವುದಿಲ್ಲ ಅಂತ ನನಗೂ ಗೊತ್ತು. ಆದರೂ ಬರೆದು ತೋರಿಸಿ. ಯಾವ ಹೆಜ್ಜೆಯನ್ನು ಕತ್ತರಿಸುತ್ತಿದ್ದೀರಿ ಎಂದು ಕತ್ತರಿಸುವವರಿಗೂ ಕಾಣಬೇಕು. ಬಹಳ ಸಲ ಕತ್ತರಿ ಬೀಳುವುದು ಪ್ರೂಫ್‌ನ ಮೇಲೆ. ಅದರ ಕತೆಗೆ ಆಮೇಲೆ ಬರುತ್ತೇನೆ.

24 ಪುಟ ಎಂದೆ. ಯಾಕೆ 22 ಅಲ್ಲ? ಒಂದು ಹಾಳೆಯನ್ನು ನಡುವೆ ಮಡಚಿ ನೋಡಿ, ನಾಲ್ಕು ಪುಟ ಆಗುತ್ತದೆ. ಸೆಂಟರ್ ಪಿನ್ ಹೊಡೆಯುವ ಯಾವ ಪುಸ್ತಕದ ಪುಟವೂ ನಾಲ್ಕರ ಲೆಕ್ಕದಲ್ಲೇ ಇರಬೇಕು. ಯಾವುದೋ ಪುಸ್ತಕದ ಕೊನೆಯಲ್ಲಿ "ಟಿಪ್ಪಣಿಗಾಗಿ" ಎಂದು ಖಾಲಿ ಪುಟಗಳು ಕಂಡರೆ, ನಿಮಗೆ ಟಿಪ್ಪಣಿ ಬರೆಯಲಿ ಎಂಬ ಪ್ರೀತಿಯಿಂದ ಬಿಟ್ಟದ್ದು ಎಂದುಕೊಳ್ಳಬೇಡಿ. ಎಣಿಕೆ ತಪ್ಪಿದ್ದಾರೆ. ನಾನೂ ಎರಡು ಸಲ ಹಾಗೆ ಬಿಟ್ಟಿದ್ದೇನೆ. ಅದಕ್ಕೇ ಬರೆಯುವುದಕ್ಕೂ ಮೊದಲು ಖಾಲಿ ಹಾಳೆ ಮಡಚಿ ಒಂದು ಡಮ್ಮಿ ಮಾಡಿ, ಪ್ರತಿ ಪುಟದಲ್ಲಿ ಏನು ಬರುತ್ತದೆ ಎಂದು ಪೆನ್ಸಿಲ್‌ನಲ್ಲಿ ಗೀಚಿ. ಹತ್ತು ನಿಮಿಷದ ಕೆಲಸ.

ತೂಕವನ್ನೂ ಮೊದಲೇ ಲೆಕ್ಕ ಹಾಕಬಹುದು. ಎ0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್, ಎ4 ಅದರ ಹದಿನಾರನೇ ಒಂದು ಭಾಗ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ. ಹಾಗಾಗಿ 80 ಜಿಎಸ್‌ಎಂನ ಒಂದು ಎ4 ಹಾಳೆ ಸರಿಯಾಗಿ 5 ಗ್ರಾಂ. ಎ4 ಅಳತೆಯ 24 ಪುಟಕ್ಕೆ, ಎರಡೂ ಬದಿ ಅಚ್ಚಾಗುವುದರಿಂದ, 12 ಎ4 ಹಾಳೆಯಷ್ಟು ಕಾಗದ. 130 ಜಿಎಸ್‌ಎಂ ಆರ್ಟ್ ಪೇಪರ್ ಆದರೆ ಒಟ್ಟು ಸುಮಾರು 98 ಗ್ರಾಂ. ಅಂಚೆಯಲ್ಲಿ ಕಳಿಸುವುದಿದ್ದರೆ ಲಕೋಟೆ ಸೇರಿದ ಕೂಡಲೇ 100 ದಾಟಿತು. ಕಾಗದವನ್ನು ಒಂದು ಮೆಟ್ಟಿಲು ತೆಳ್ಳಗೆ ಮಾಡಿದರೆ ಸಾವಿರಾರು ಪ್ರತಿಗಳ ಅಂಚೆ ವೆಚ್ಚ ಇಳಿಯಬಹುದು. ಓದುಗರಿಗೆ ಆ ವ್ಯತ್ಯಾಸ ಗೊತ್ತೂ ಆಗುವುದಿಲ್ಲ.

ಫೋಟೋ ಬಗ್ಗೆ ಎರಡೇ ಮಾತು. ಎ4 ಪುಟ ತುಂಬುವ ಚಿತ್ರಕ್ಕೆ 300 ಡಿಪಿಐ, ಅಂದರೆ ಒಂದು ಇಂಚಿಗೆ 300 ಚುಕ್ಕೆ ಲೆಕ್ಕದಲ್ಲಿ ಸುಮಾರು 2480 ಅಡ್ಡ, 3508 ಉದ್ದ ಪಿಕ್ಸೆಲ್ ಬೇಕು. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಬಂದ ಫೋಟೋ ಕುಗ್ಗಿರುತ್ತದೆ, ತೆಗೆದವರಿಂದ ಮೂಲ ಫೈಲ್ ಕೇಳಿ ತರಿಸಿ. ಅಂಚಿನವರೆಗೂ ಹೋಗುವ ಚಿತ್ರ ಕಟಿಂಗ್ ಗೆರೆಯಿಂದ 3 ಮಿಲಿಮೀಟರ್ ಆಚೆ ಚಾಚಿರಲಿ, ಇಲ್ಲದಿದ್ದರೆ ಬಿಳಿ ಗೆರೆ ಇಣುಕುತ್ತದೆ. ಹಾಂ, ಬಣ್ಣ. ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಪ್ರೆಸ್ ನಾಲ್ಕು ಶಾಯಿಯಿಂದ. ಪರದೆಯ ಮೇಲೆ ಮಿಂಚುವ ಹಸಿರು ಕಾಗದದಲ್ಲಿ ಮಂಕಾಗುತ್ತದೆ. ಮುದ್ರಕರನ್ನು ಬೈಯುವ ಮೊದಲು ಬಣ್ಣದ ಪ್ರೂಫ್ ಕೇಳಿದ್ದಿರಾ ನೆನಪಿಸಿಕೊಳ್ಳಿ.

ಈಗ ಆ ಪ್ರೂಫ್ ಕತೆ. ಸಹಾಯವಾಣಿಯ ಬಗ್ಗೆ ಒಂದು ಕರಪತ್ರ ಮಾಡಿದ್ದೆವು. 5,000 ಪ್ರತಿ. ಮೂರು ಜನ ಪ್ರೂಫ್ ನೋಡಿದ್ದೆವು. ಒತ್ತಕ್ಷರ, ದೀರ್ಘ, ಅಲ್ಪವಿರಾಮ ಎಲ್ಲ ತಿದ್ದಿದ್ದೆವು. ಹಂಚಿ ಎರಡು ದಿನ ಆದ ಮೇಲೆ ಒಬ್ಬರು ಕೇಳಿದರು, "ನಿಮ್ಮ ಸಹಾಯವಾಣಿ ಯಾರೋ ಅಜ್ಜಿಯ ಮನೆಗೆ ಹೋಗುತ್ತಲ್ಲ?" ನಂಬರಿನ ಕೊನೆಯ ಎರಡು ಅಂಕಿ ಅದಲು ಬದಲಾಗಿದ್ದವು. ದಪ್ಪ ಅಕ್ಷರದಲ್ಲಿ, ಪುಟದ ನಟ್ಟನಡುವೆ. ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕ್ಷಮೆ ಕೇಳಲು ಆ ಮನೆಗೆ ಫೋನ್ ಮಾಡಿದರೆ, ಅಜ್ಜಿ ಅಷ್ಟರಲ್ಲಿ ಸರಿಯಾದ ನಂಬರ್ ಯಾರಿಂದಲೋ ತಿಳಿದುಕೊಂಡು ಕರೆ ಮಾಡಿದವರಿಗೆಲ್ಲ ತಾವೇ ಹೇಳುತ್ತಿದ್ದರು. ನಿಜವಾದ ಸಹಾಯವಾಣಿ ಅದೇ ಆಗಿತ್ತು. ಉಳಿದ ಪ್ರತಿಗಳಿಗೆ ಸ್ಟಿಕ್ಕರ್ ಹಚ್ಚಲು ನಮಗೆ ಮೂರು ರಾತ್ರಿ ಬೇಕಾಯಿತು.

ಅಂದಿನಿಂದ ನಂಬರುಗಳನ್ನು ನಾನು ಓದುವುದಿಲ್ಲ, ಡಯಲ್ ಮಾಡುತ್ತೇನೆ. ವೆಬ್ ವಿಳಾಸವನ್ನು ಪ್ರೂಫ್ ನೋಡಿ ಟೈಪ್ ಮಾಡುತ್ತೇನೆ. ಕ್ಯೂಆರ್ ಕೋಡನ್ನು ಅಚ್ಚಿನ ಅಳತೆಯಲ್ಲೇ ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡುತ್ತೇನೆ. ತಪ್ಪುಗಳು ಅಡಗಿ ಕೂರುವುದು ತಲೆಬರಹದಲ್ಲಿ, ಫೋಟೋ ಕೆಳಗಿನ ಹೆಸರಿನಲ್ಲಿ, ತಾರೀಕಿಗೆ ಹೊಂದದ ವಾರದ ಹೆಸರಿನಲ್ಲಿ. ಕೊನೆಯ ಕ್ಷಣದಲ್ಲಿ ಒಂದು ಸಾಲು ಬದಲಿಸಿದರೆ ಆ ಪುಟವನ್ನು ಪೂರ್ತಿ ಮತ್ತೆ ನೋಡಿ, ಸಾಲು ಜರುಗಿ ಕೆಳಗೆ ಒಂದು ವಾಕ್ಯವೇ ಮಾಯವಾಗಿರುತ್ತದೆ. ಮತ್ತೆ, ಬರೆದವರೇ ಪ್ರೂಫ್ ನೋಡಬಾರದು. ಅವರ ಕಣ್ಣು ಇರಬೇಕಾದ್ದನ್ನು ಓದುತ್ತದೆ, ಇರುವುದನ್ನಲ್ಲ.

ಎಷ್ಟು ಪ್ರತಿ? ಇಲ್ಲೇ ನಮ್ಮ ಸ್ಟೋರ್ ರೂಮ್ ತುಂಬಿದ್ದು. ಆಫ್‌ಸೆಟ್ ಮುದ್ರಣದಲ್ಲಿ ಪುಟಗಳ ಲೋಹದ ಪ್ಲೇಟ್ ಮಾಡಿ ಯಂತ್ರ ಹೊಂದಿಸುವುದಕ್ಕೇ ದೊಡ್ಡ ಖರ್ಚು. ಆಮೇಲೆ ಒಂದೊಂದು ಪ್ರತಿ ಅಗ್ಗ. "ಇನ್ನೊಂದು ಸಾವಿರ ಹಾಕಿಸಿಬಿಡಿ, ಏನು ಮಹಾ" ಎಂಬ ಮಾತು ಬರುವುದು ಹೀಗೆ. ಆ ಸಾವಿರ ಅಗ್ಗವಲ್ಲ, ಯಾರ ಕೈಗೂ ಹೋಗದ ಪ್ರತಿ ಯಾವಾಗಲೂ ದುಬಾರಿ. ಮೊದಲು ಹಂಚುವ ಪಟ್ಟಿ ಬರೆಯಿರಿ. ಯಾರಿಗೆ, ಎಷ್ಟು, ಯಾರು ತಲುಪಿಸುತ್ತಾರೆ. ಕೂಡಿಸಿ, ಸ್ವಲ್ಪ ಸೇರಿಸಿ, ನಿಲ್ಲಿಸಿ. ಕೆಲವು ನೂರರ ಒಳಗಿದ್ದರೆ ಡಿಜಿಟಲ್ ಮುದ್ರಣವೇ ಮೇಲು.

ಪಿಡಿಎಫ್ ಇದೆಯಲ್ಲ, ಮುದ್ರಣ ಯಾಕೆ ಎಂದು ಕೇಳುತ್ತೀರಿ. ಸರಿ, ಆದರೆ ಅಚ್ಚಿಗೆ ಕಳಿಸಿದ ಎರಡು ಕಾಲಂನ ಎ4 ಪುಟವನ್ನೇ ಫೋನಿಗೆ ಕಳಿಸಿದರೆ, ಓದುಗರು ಬೆರಳಿನಿಂದ ಹಿಗ್ಗಿಸಿ, ಮೇಲೆ ಕೆಳಗೆ ಎಳೆದು, ಸಾಕಪ್ಪಾ ಎಂದು ಮುಚ್ಚುತ್ತಾರೆ. ಅದು ಬಿಚ್ಚದ ಕಟ್ಟೇ, ದಾರ ಮಾತ್ರ ಕಾಣುವುದಿಲ್ಲ. ಫೋನಿಗೆ ಬೇರೆಯದೇ ರೂಪ ಬೇಕು, ಒಂದೇ ಕಾಲಂ, ದೊಡ್ಡ ಅಕ್ಷರ. ಅಕ್ಷರಗಳು ಚಿತ್ರವಾಗಿರದೆ ಯೂನಿಕೋಡ್ ಪಠ್ಯವಾಗಿರಲಿ. ಆಗ ಹುಡುಕಿದರೆ ಸಿಗುತ್ತದೆ, ಕಣ್ಣು ಕಾಣದವರಿಗೆ ತಂತ್ರಾಂಶ ಓದಿ ಹೇಳುತ್ತದೆ. ಚಿತ್ರಗಳಿಗೂ ಒಂದೊಂದು ಸಾಲಿನ ವಿವರಣೆ ಸೇರಿಸಿ.

ಹಂಚಿದ ಒಂದು ತಿಂಗಳ ಮೇಲೆ ಹತ್ತು ಓದುಗರಿಗೆ ಫೋನ್ ಮಾಡಿ. "ಚೆನ್ನಾಗಿತ್ತಾ?" ಎಂದು ಕೇಳಬೇಡಿ, ಎಲ್ಲರೂ ಚೆನ್ನಾಗಿತ್ತು ಎನ್ನುತ್ತಾರೆ. "ಈಗ ಅದು ಎಲ್ಲಿದೆ?" ಎಂದು ಕೇಳಿ. ಚೀಲದಲ್ಲಿದೆ, ಗೋಡೆಗೆ ಅಂಟಿಸಿದ್ದೇನೆ, ತಂಗಿಗೆ ಕೊಟ್ಟೆ, ಎಲ್ಲೋ ಹೋಯಿತು. ಈ ಉತ್ತರಗಳನ್ನು ಬರೆದಿಟ್ಟುಕೊಂಡರೆ ಮುಂದಿನ ಸಲ ಎಷ್ಟು ಪ್ರತಿ ಬೇಕು ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಹಿಂದಿನ ಮೇಜಿನ ಮೇಲೆ ನಮ್ಮ ಕಳೆದ ಸಂಚಿಕೆಯ ಪ್ರತಿಗಳಿವೆ. ಎಣಿಸಿ ತಂದಿದ್ದೇನೆ, ತಲೆಗೊಂದು. ಅದರಲ್ಲಿ ಎರಡು ತಪ್ಪು ಉಳಿದಿವೆ ಎಂದು ನನಗೆ ಗೊತ್ತು. ಪೆನ್ಸಿಲ್ ತೆಗೆದುಕೊಂಡು ಹುಡುಕಿ. ಮೂರನೆಯದು ಸಿಕ್ಕರೆ ಬಂದು ನನಗೂ ತೋರಿಸಿ.