ಕಪ್ಪತಗುಡ್ಡದ ಕಲ್ಲಿನ ಮಡಿಕೆಗಳು

ಕೇಳುಗರೆ, ನಮಸ್ಕಾರ.

ಗದಗಿನಿಂದ ಮುಂಡರಗಿ ಕಡೆ ಹೊರಟರೆ ಕಪ್ಪತಗುಡ್ಡದ ಸಾಲು ಕಾಣುತ್ತದಲ್ಲ, ಅದು ವಾಯವ್ಯದಿಂದ ಆಗ್ನೇಯಕ್ಕೆ ಚಾಚಿಕೊಂಡಿದೆ. ಆ ದಿಕ್ಕು ಆಕಸ್ಮಿಕವಲ್ಲ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಧಾರವಾಡದ ಹೆಸರಿಟ್ಟು ಗುರುತಿಸಿದ ಈ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ನೀರಿನಡಿ ಮಟ್ಟಸವಾಗಿ ಕೂತ ಕೆಸರು, ಮರಳು, ಹರಿದ ಲಾವಾ, ಎಲ್ಲವೂ ಆಮೇಲೆ ನೆಲದಾಳಕ್ಕೆ ಇಳಿದು ಬಿಸಿಯಾದವು. ಆಗ ಈಗಿನ ಸಾಲಿಗೆ ಅಡ್ಡಲಾಗಿ ಒತ್ತಡ ಬಿತ್ತು. ಬಿಸಿ ಕಲ್ಲು ಒಡೆಯದೆ ಸೀರೆಯ ನೆರಿಗೆಯಂತೆ ಮಡಚಿಕೊಂಡಿತು.

ಇಲ್ಲಿನ ಮಡಿಕೆಗಳು ಎಷ್ಟು ಬಿಗಿಯೆಂದರೆ ಎರಡೂ ಮಗ್ಗುಲು ಹೆಚ್ಚೂಕಡಿಮೆ ಸಮಾನಾಂತರವಾಗಿ ಕಡಿದಾಗಿ ನಿಂತಿವೆ. ತಪ್ಪು ಆಗುವುದು ಇಲ್ಲೇ. ಗುಡ್ಡಕ್ಕೆ ಅಡ್ಡ ನಡೆಯುವವರು ಕಬ್ಬಿಣದ ಪಟ್ಟೆಗಲ್ಲನ್ನು ಮೂರು ಕಡೆ ಕಂಡು ಮೂರು ಪದರವಿದೆ ಎಂದು ಬರೆದುಕೊಳ್ಳುತ್ತಾರೆ. ಎಷ್ಟೋ ಸಲ ಅದು ಒಂದೇ ಪದರ, ಮಡಚಿ ಮತ್ತೆ ಮತ್ತೆ ಮೇಲೆ ಬಂದಿರುತ್ತದೆ. ಅದಿರಿನ ಲೆಕ್ಕವೇ ತಲೆಕೆಳಗಾಗುತ್ತದೆ.

ಹಾಗಾದರೆ ಯಾವುದು ಮೇಲು, ಯಾವುದು ಕೆಳಗು? ಗ್ರೇವ್ಯಾಕ್ ಎಂಬ ಬೂದು ಮರಳುಗಲ್ಲಿನ ಪದರವನ್ನು ಲೆನ್ಸ್ ಹಿಡಿದು ನೋಡಿ. ಪದರ ಕೂತಾಗ ದಪ್ಪ ಕಾಳು ಮೊದಲು ತಳ ಸೇರುತ್ತದೆ, ಸಣ್ಣದು ಮೇಲುಳಿಯುತ್ತದೆ. ಕಾಳು ಸಣ್ಣಗಾಗುತ್ತ ಹೋದ ದಿಕ್ಕೇ ಅಂದಿನ ಮೇಲ್ಭಾಗ. ಆ ದಿಕ್ಕು ಪಕ್ಕದ ಪದರದಲ್ಲಿ ತಿರುಗಿದ್ದರೆ ನಡುವೆ ಮಡಿಕೆಯ ತಿರುವು ಇರಬೇಕು, ಅಲ್ಲೇ ಹುಡುಕಿ. ಒಂದು ಪದರ ನಂಬಬೇಡಿ, ಹತ್ತಾರು ನೋಡಿ.

ಪದರದ ದಿಕ್ಕು ಅಳೆಯುವಾಗ ಇನ್ನೊಂದು ಎಚ್ಚರ. ಪಟ್ಟೆಗಲ್ಲಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತಗುಣದ ಕಬ್ಬಿಣದ ಖನಿಜ ಇದ್ದರೆ ಕಂಪಾಸಿನ ಮುಳ್ಳು ಸುಳ್ಳು ಹೇಳುತ್ತದೆ. ಕಲ್ಲಿನಿಂದ ದೂರ ಸರಿದು, ಸುತ್ತಿಗೆಯನ್ನೂ ಆಚೆಗಿಟ್ಟು, ಪದರದ ಸಾಲನ್ನು ಕಣ್ಣಳತೆಯಲ್ಲಿ ಗುರಿ ಹಿಡಿದು ಮತ್ತೆ ಅಳೆಯಿರಿ.

ಇನ್ನು ಸ್ತರಭಂಗ. ಕಲ್ಲು ತಣ್ಣಗಾಗಿ ಗಡುಸಾದ ಮೇಲೆ ಅದೇ ಒತ್ತಡಕ್ಕೆ ಬಾಗುವುದಿಲ್ಲ, ಬಿರಿದು ಜಾರುತ್ತದೆ. ಪದರವೊಂದು ತಟ್ಟನೆ ನಿಂತು ಪಕ್ಕದಲ್ಲಿ ಮುಂದುವರಿದರೆ ಅಡ್ಡ ಜಾರಿದೆ ಎನ್ನುವ ಆತುರ ಬೇಡ. ಓರೆ ಪದರ ನೇರ ಕೆಳಗೆ ಜಾರಿ, ಮೇಲಿನದು ಸವೆದರೂ ಹಾಗೇ ಕಾಣುತ್ತದೆ. ಬಿರುಕಿನ ಮೈಮೇಲಿನ ಗೀರುಗಳನ್ನು ನೋಡಿ, ಜಾರಿದ ರೇಖೆ ಅವೇ ತೋರಿಸುತ್ತವೆ.

ಇಂಥ ಮುರಿತಗಳಲ್ಲೇ ಬಿಸಿನೀರು ಏರಿ ಬಿಳಿಗಲ್ಲಿನ ಎಳೆಗಳನ್ನು, ಅದರೊಡನೆ ಚಿನ್ನವನ್ನು ಇಳಿಸಿತು. ಹೊಸೂರು, ಕಬಲಾಯತಕಟ್ಟಿ ಸುತ್ತಿನ ಹಳೇ ಗಣಿಗಳು ಆ ಎಳೆಗಳ ಬೆನ್ನುಹತ್ತಿದವು. ಬೋರ್‌ವೆಲ್ ತೋಡುವವರಿಗೂ ಮುರಿತ ಬೇಕು, ಆದರೆ ಕಲ್ಲು ಅರೆದು ಜೇಡಿಯಾದ ಕಡೆ ನೀರು ಸರಿಯಾಗಿ ಹರಿಯುವುದಿಲ್ಲ. ಚೂರುಚೂರಾದ ಅಂಚಿನಲ್ಲೇ ನೀರು ಸಿಗುವ ಸಂಭವ ಹೆಚ್ಚು.

ಇದೆಲ್ಲ ಯಾವಾಗ ಮುಗಿಯಿತು? ಉತ್ತರಕ್ಕೆ ಬಾದಾಮಿಗೆ ಹೋಗಿ ನೋಡಿ. ಅಲ್ಲಿನ ಮರಳುಗಲ್ಲು ಬಹುತೇಕ ಮಟ್ಟಸವಾಗಿಯೇ ಇದೆ. ಹಳೆಯ ಶಿಲೆಗಳು ಮಡಚಿ, ಮೇಲೆದ್ದು, ಸವೆದು ಮುಗಿದ ಎಷ್ಟೋ ಕಾಲದ ನಂತರ ಆ ಮರಳು ಬಂದು ಕೂತಿತು. ನಮಸ್ಕಾರ.