ಯಾವ ತಳಿ, ಯಾವ ತೊಂದರೆಗೆ? ಪ್ರೋಬಯಾಟಿಕ್ ಡಬ್ಬಿ ತಿರುಗಿಸಿ ನೋಡಿ

ನಮಸ್ಕಾರ ಎಲ್ಲರಿಗೂ. ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದೆ, ಅದನ್ನು ಮುಂದಕ್ಕೆ ಹಾಕಿದ್ದೇನೆ. ಹೋದ ವಾರದ ವಿಡಿಯೋಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಸರ್, ನೀವಿನ್ನೂ ಮಜ್ಜಿಗೆ ಕಾಲದಲ್ಲೇ ಇದ್ದೀರಿ. ನಾನು ದಿನಾ 50 ಬಿಲಿಯನ್ ಪ್ರೋಬಯಾಟಿಕ್ ತಗೋತೀನಿ. ಮನೆಯಲ್ಲಿ ಎಲ್ಲರಿಗೂ ಅದೇ ಕೊಡ್ತೀನಿ, ಮಗೂಗೂ."

ಪ್ರೋಬಯಾಟಿಕ್ ಅಂದರೆ ಹೊಟ್ಟೆಗೆ ಒಳ್ಳೇದು ಅಂತ ಮಾರುವ ಜೀವಂತ ಬ್ಯಾಕ್ಟೀರಿಯಾ; 50 ಬಿಲಿಯನ್ ಅನ್ನೋದು ಅವುಗಳ ಎಣಿಕೆ. ಮಗೂಗೂ ಅಂತೆ! ಮಜ್ಜಿಗೆ ಕಾಲ ಅಂದಿದ್ದಕ್ಕೆ ನನಗೆ ಬೇಜಾರಿಲ್ಲ. ಮಗುವಿಗೆ ಏನು ಕೊಡುತ್ತಿದ್ದೀರಿ ಅಂತ ಗೊತ್ತಿಲ್ಲದೇ ಕೊಡುತ್ತಿದ್ದೀರಲ್ಲ, ಅದಕ್ಕೆ ಸಿಟ್ಟು. ನಾನು ವಾಪಸ್ ಒಂದೇ ಪ್ರಶ್ನೆ ಕೇಳಿದೆ. ಯಾವ ತಳಿ, ಯಾವ ತೊಂದರೆಗೆ? ಉತ್ತರ ಬಂತು: "ಒಳ್ಳೇ ಬ್ಯಾಕ್ಟೀರಿಯಾ ಸರ್, ಗಟ್ ಹೆಲ್ತ್‌ಗೆ."

ಇದು ಉತ್ತರ ಅಲ್ಲ. ಇದು ಡಬ್ಬಿಯ ಮುಂಭಾಗ ಓದಿದ್ದು. ಡಬ್ಬಿ ತಿರುಗಿಸಿ. ಹಿಂದೆ ಸಣ್ಣ ಅಕ್ಷರದಲ್ಲಿ ಹೆಸರು ಇರುತ್ತದೆ. ಮೊದಲು ಲ್ಯಾಕ್ಟೋಬ್ಯಾಸಿಲಸ್ ಅಂತ ಕುಲದ ಹೆಸರು. ಆಮೇಲೆ ರಾಮ್ನೋಸಸ್ ಅಂತ ಜಾತಿಯ ಹೆಸರು. ಅದರ ಮುಂದೆ ಜಿಜಿ ಅಂತಲೋ, ಒಂದು ನಂಬರೋ ಇರಬೇಕು. ಅದೇ ತಳಿ. ಎಷ್ಟೋ ಡಬ್ಬಿಗಳಲ್ಲಿ ಈ ಮೂರನೇದು ಇರೋದೇ ಇಲ್ಲ. ತಳಿಯ ಹೆಸರು ಹಾಕಿ, ಅವಧಿ ಮುಗಿಯುವ ದಿನಕ್ಕೆ ಎಷ್ಟು ಜೀವಂತ ಇರುತ್ತವೆ ಅಂತ ಬರೆಯಿರಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2011ರಲ್ಲೇ ಮಾರ್ಗಸೂಚಿ ಕೊಟ್ಟಿವೆ. ಸುಮ್ನೆ ಕೊಟ್ಟಿದ್ದಲ್ಲ ಅದು.

ತಳಿ ಅಂದರೆ ಅಷ್ಟೊಂದು ವ್ಯತ್ಯಾಸನಾ ಅಂತೀರಾ? ಮಾವಿನಹಣ್ಣು ತನ್ನಿ ಅಂದರೆ ಎಲ್ಲಾ ಒಂದೇನಾ? ರಸಪುರಿ ಬೇರೆ, ತೋತಾಪುರಿ ಬೇರೆ. ತೋತಾಪುರಿಯಲ್ಲಿ ಸೀಕರಣೆ ಮಾಡಿ ನೋಡಿ, ಮನೆಯವರು ಏನಂತಾರೆ ಅಂತ ಗೊತ್ತಾಗುತ್ತದೆ. ಬ್ಯಾಕ್ಟೀರಿಯಾನೂ ಹಾಗೇ. ಒಂದು ತಳಿ ಒಂದು ತೊಂದರೆಗೆ ಕೆಲಸ ಮಾಡಿದರೆ ಅದರ ಅಣ್ಣತಮ್ಮಂದಿರೆಲ್ಲಾ ಎಲ್ಲಾ ತೊಂದರೆಗೂ ಕೆಲಸ ಮಾಡುತ್ತವೆ ಅಂತ ಅರ್ಥ ಅಲ್ಲ.

ಈ ಜಿಜಿ ತಳಿಯನ್ನೇ ತಗೊಳ್ಳಿ. ಜಗತ್ತಿನಲ್ಲಿ ಅತಿ ಹೆಚ್ಚು ಪರೀಕ್ಷೆ ಆದ ತಳಿಗಳಲ್ಲಿ ಇದೂ ಒಂದು. ಗೋರ್ಬಾಕ್, ಗೋಲ್ಡಿನ್ ಅಂತ ಇಬ್ಬರು ಇದನ್ನು ಹುಡುಕಿದ್ದು, ಅವರ ಹೆಸರಿನ ಅಕ್ಷರಗಳೇ ಜಿಜಿ. ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳಲ್ಲಿ ವಾಂತಿ ಭೇದಿ ಆಗಿ ಬಂದ 900ಕ್ಕೂ ಹೆಚ್ಚು ಪುಟ್ಟ ಮಕ್ಕಳ ಮೇಲೆ ಇದನ್ನು ಪರೀಕ್ಷೆ ಮಾಡಿದರು. ಅರ್ಧ ಮಕ್ಕಳಿಗೆ ಇದು, ಇನ್ನರ್ಧಕ್ಕೆ ಏನೂ ಇಲ್ಲದ ಪುಡಿ. 2018ರಲ್ಲಿ ಫಲಿತಾಂಶ ಬಂತು: ಎರಡು ಗುಂಪಿಗೂ ವ್ಯತ್ಯಾಸ ಇಲ್ಲ. ಅದೇ ಹೊತ್ತಿಗೆ ಕೆನಡಾದಲ್ಲಿ ಬೇರೆ ಎರಡು ತಳಿ ಸೇರಿಸಿ ನೋಡಿದರು. ಅಲ್ಲೂ ಅಷ್ಟೇ. ಮಗುವಿಗೆ ಭೇದಿ ಆದರೆ ಮೊದಲು ಬೇಕಾದ್ದು ಓಆರ್‌ಎಸ್. ಜೊತೆಗೆ ಸತು, ಅಂದರೆ ಜಿಂಕ್. ಆ ಓಆರ್‌ಎಸ್ ಪೊಟ್ಟಣಕ್ಕೆ ಕೆಲವೇ ರೂಪಾಯಿ. ಅದಕ್ಕೆ ಯಾರೂ ಜಾಹೀರಾತು ಮಾಡಲ್ಲ!

"50 ಬಿಲಿಯನ್ ಇದೆ ಸರ್" ಅಂತಾರೆ. ಲೆಕ್ಕ ಹಾಕೋಣ ಬನ್ನಿ. 50 ಬಿಲಿಯನ್ ಅಂದರೆ 5,000 ಕೋಟಿ. ಕೇಳಿದರೆ ತಲೆ ತಿರುಗುತ್ತೆ. ಆದರೆ ನಮ್ಮ ಮೈಯಲ್ಲಿ ಈಗಾಗಲೇ ಇರುವ ಬ್ಯಾಕ್ಟೀರಿಯಾ ಸುಮಾರು 38 ಲಕ್ಷ ಕೋಟಿ ಅಂತ 2016ರ ಅಂದಾಜು. ಹೆಚ್ಚುಕಮ್ಮಿ ಎಲ್ಲಾ ದೊಡ್ಡ ಕರುಳಿನಲ್ಲೇ. ಅಂದರೆ ಅಲ್ಲಿ 760 ಇರುವ ಕಡೆ ನೀವು ಒಂದು ಕಳಿಸುತ್ತಿದ್ದೀರಿ. ಅದೂ ಹೊಟ್ಟೆಯ ಆಮ್ಲ ದಾಟಿ ಬದುಕಿದರೆ. ಅದೂ ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ, ಏಸಿ ಇಲ್ಲದ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಾಯದೇ ಉಳಿದಿದ್ದರೆ. ಸಂಖ್ಯೆ ಬಿಡಿ. ಯಾವ ತಳಿ, ಯಾವ ತೊಂದರೆಗೆ?

"ಆಂಟಿಬಯಾಟಿಕ್ ತಗೊಂಡ ಮೇಲೆ ಬೇಕೇ ಬೇಕಲ್ವಾ?" ಇದು ಎಲ್ಲರ ಬಾಯಲ್ಲೂ ಇರುವ ಮಾತು. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಇದನ್ನೇ ನೋಡಿದರು. ಆಂಟಿಬಯಾಟಿಕ್ ಆದಮೇಲೆ 11 ತಳಿಗಳ ಪ್ರೋಬಯಾಟಿಕ್ ತಗೊಂಡವರಲ್ಲಿ ಕರುಳಿನ ಸ್ವಂತ ಬ್ಯಾಕ್ಟೀರಿಯಾ ಮರಳಿ ಬರೋದು ತಡವಾಯಿತು. ಸುಮ್ನೆ ಬಿಟ್ಟವರಲ್ಲಿ ಬೇಗ ಬಂತು! ಹಾಗಂತ ಉಪಯೋಗವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಆಂಟಿಬಯಾಟಿಕ್ ಜೊತೆ ಬರುವ ಸಿ. ಡಿಫಿಸಿಲ್ ಅನ್ನೋ ಬ್ಯಾಕ್ಟೀರಿಯಾದ ಕರುಳಿನ ಸೋಂಕು ತಡೆಯೋಕೆ ಕೆಲವು ತಳಿಗಳನ್ನು ಬಳಸಬಹುದು ಅಂತ ಅಮೆರಿಕದ ಜಠರ ತಜ್ಞರ ಸಂಘ 2020ರಲ್ಲಿ ಹೇಳಿದೆ. ತಳಿಗಳ ಹೆಸರು ಹಿಡಿದು ಹೇಳಿದೆ. ಜೀರ್ಣಾಂಗದ ಹೆಚ್ಚಿನ ತೊಂದರೆಗಳಿಗೆ ಸಾಕಷ್ಟು ಪುರಾವೆ ಇಲ್ಲ ಅಂತಲೂ ಅದೇ ಸಂಘ ಹೇಳಿದೆ. ನಿಮ್ಮ ಡಾಕ್ಟರ್ ಬರೆದುಕೊಟ್ಟಿದ್ದರೆ ತಗೊಳ್ಳಿ, ಯಾವ ಕಾರಣಕ್ಕೆ ಅಂತ ಅವರನ್ನೇ ಕೇಳಿ. ಅವಧಿಗೆ ಮುಂಚೆ ಹುಟ್ಟಿದ ಮಗು, ಕೀಮೋ ಆಗುತ್ತಿರುವವರು, ಇಂಥವರಿಗಂತೂ ನೀವೇ ಅಂಗಡಿಯಿಂದ ತಂದು ಕೊಡಲೇಬೇಡಿ. ಜೀವಂತ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುವ ಅಪಾಯ ಇದೆ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದೇ ವಿಷಯಕ್ಕೆ ಆಸ್ಪತ್ರೆಗಳಿಗೆ ಎಚ್ಚರಿಕೆ ಕೊಟ್ಟಿತು, ಒಂದು ಹಸುಗೂಸು ತೀರಿಹೋದ ಮೇಲೆ.

ಇನ್ನು "ನನಗೆ ವರ್ಕ್ ಆಯ್ತು" ಅನ್ನೋರು. ಕ್ಯಾಪ್ಸೂಲ್ ಶುರು ಮಾಡಿದ ವಾರವೇ ರಾತ್ರಿ ಹನ್ನೊಂದರ ಗೋಬಿ ಮಂಚೂರಿ ಬಿಟ್ಟಿರಿ, ವಾಕಿಂಗ್ ಶುರು ಮಾಡಿದಿರಿ. ಕ್ರೆಡಿಟ್ ಮಾತ್ರ ಕ್ಯಾಪ್ಸೂಲಿಗೆ!

ಮಜ್ಜಿಗೆಗೆ ಬರೋಣ. ಅದು ಔಷಧಿ ಅಂತ ನಾನು ಯಾವತ್ತೂ ಹೇಳಿಲ್ಲ. ಮನೆಯ ಮೊಸರಿನಲ್ಲಿ ಯಾವ ತಳಿ ಇದೆ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಆದರೆ ಅದು ಊಟ. ಕಾಯಿಲೆ ವಾಸಿ ಮಾಡುತ್ತೇನೆ ಅಂತ ಅದು ದುಡ್ಡು ಕೇಳಲ್ಲ. ಕ್ಯಾಲ್ಸಿಯಂ, ಪ್ರೋಟೀನ್ ಅಂತೂ ಸಿಕ್ಕೇ ಸಿಗುತ್ತೆ. ಇಡ್ಲಿನೂ ಪ್ರೋಬಯಾಟಿಕ್ ಅಂತ ಫಾರ್ವರ್ಡ್ ಮಾಡೋರಿಗೂ ಒಂದು ಮಾತು: ಹಿಟ್ಟು ಹುದುಗುವಾಗ ಬ್ಯಾಕ್ಟೀರಿಯಾ ಇರೋದು ನಿಜ, ಹಬೆಯಲ್ಲಿ ಬೆಂದ ಮೇಲೆ ಅವು ಬದುಕಿರಲ್ಲ. ಇಡ್ಲಿ ತಿನ್ನಿ, ಇಡ್ಲಿ ಅಂತಲೇ ತಿನ್ನಿ.

ಮತ್ತೆ ಒಳಗಿರುವ ಆ 38 ಲಕ್ಷ ಕೋಟಿಗೆ ತಿನ್ನೋಕೆ ಏನು ಹಾಕುತ್ತಿದ್ದೀರಿ? ಅವುಗಳ ಊಟ ನಾರು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಪಾಲಿಶ್ ಆದ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಮುದ್ದೆ, ಹುರುಳಿ ಸಾರು, ಸೊಪ್ಪು ಬಿಟ್ಟು, ದಿನಾ ಪರೋಟ ತಿಂದು, ಮೇಲೊಂದು ಕ್ಯಾಪ್ಸೂಲ್ ನುಂಗಿದರೆ ಆ ಕ್ಯಾಪ್ಸೂಲ್ ಒಳಗಿನದ್ದೂ ಉಪವಾಸವೇ.

ತಿಂಗಳುಗಟ್ಟಲೆ ಹೊಟ್ಟೆ ಸರಿ ಇಲ್ಲ, ಮಲದಲ್ಲಿ ರಕ್ತ, ತೂಕ ಇಳಿಯುತ್ತಿದೆ ಅಂದರೆ ಡಾಕ್ಟರ ಹತ್ತಿರ ಹೋಗಿ. ನನ್ನ ವಿಡಿಯೋನೂ ಬೇಡ, ಕ್ಯಾಪ್ಸೂಲೂ ಬೇಡ.

ನೀವು ಏನೇ ಹೇಳಿ, ನನ್ನ ಪ್ರಶ್ನೆ ಬದಲಾಗಲ್ಲ. ಯಾವ ತಳಿ? ಯಾವ ತೊಂದರೆಗೆ? ಹೇಳೋಕೆ ಆಗಲ್ವಾ, ಕೊಳ್ಳಬೇಡಿ. ಅಂಗಡಿಯವರಿಗೂ ಗೊತ್ತಿಲ್ವಾ, ಕೊಳ್ಳಬೇಡಿ. ಅಷ್ಟೇ, ಕೊಳ್ಳಬೇಡಿ!

ವಿಡಿಯೋ ಇಷ್ಟ ಆದರೆ ಲೈಕ್ ಮಾಡಿ, ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿ, ಸಬ್‌ಸ್ಕ್ರೈಬ್ ಆಗದೇ ಇರೋರು ಈಗಲೇ ಆಗಿ. ನಿಮ್ಮ ಡಬ್ಬಿಯ ಹಿಂದೆ ಏನು ಬರೆದಿದೆ ಅಂತ ಕಾಮೆಂಟಿನಲ್ಲಿ ಹಾಕಿ, ಒಂದೊಂದನ್ನೂ ಓದುತ್ತೇನೆ. ಮುಂದಿನ ವಾರ ಬೆಳಗಾದರೆ ಖಾಲಿ ಹೊಟ್ಟೆಗೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುವವರ ಬಗ್ಗೆ ಮಾತಾಡೋಣ.